ಕಡಲಿನ ಉತ್ತರ, ಕಡತದ ಉತ್ತರ

ಪೆಸಿಫಿಕ್ ಸಾಗರದ ಮರಿಯಾನಾ ಕಮರಿಯ ತಳದಲ್ಲಿ ಉಗುರಿನಷ್ಟು ಜಾಗದ ಮೇಲೆ, ಅಂದರೆ ಹೆಚ್ಚುಕಡಿಮೆ ಒಂದು ಚದರ ಸೆಂಟಿಮೀಟರ್ ಮೇಲೆ, ಒಂದು ಟನ್ನಿಗೂ ಮಿಕ್ಕ ನೀರಿನ ಭಾರ ಕೂತಿರುತ್ತದೆ. ರಷ್ಯಾದ ಉರಾಲ್ ಸೀಮೆಯಲ್ಲಿ ವೆರ್ಖ್ನ್ಯಾಯ ಸಾಲ್ದಾ ಎಂಬ ಸಣ್ಣ ಊರಿದೆ. ಅಲ್ಲಿಯ ಕಾರ್ಖಾನೆಯಲ್ಲಿ 1960ರ ದಶಕದ ಆರಂಭದಿಂದ ನಿಂತಿರುವ ಹೈಡ್ರಾಲಿಕ್ ಪ್ರೆಸ್ಸಿನ ಬಲ 75,000 ಟನ್. ಆ ಬಲವನ್ನು ಒಂದು ಚದರ ಮೀಟರ್ ಲೋಹದ ಮೇಲೆ ಇಳಿಸಿದರೆ ಅದೇ ಉಗುರಗಲದ ಜಾಗಕ್ಕೆ ಏಳೂವರೆ ಟನ್ ಬೀಳುತ್ತದೆ. ಅತಿ ಆಳದ ಕಡಲ ತಳಕ್ಕಿಂತ ಸುಮಾರು ಏಳು ಪಟ್ಟು. ಆ ಕಮರಿಯ ಆಳವನ್ನು 1957ರಲ್ಲಿ ಅಳೆದದ್ದು ಸೋವಿಯತ್ ಹಡಗು. ಅದಾದ ನಾಲ್ಕೈದು ವರ್ಷದೊಳಗೆ ಈ ಪ್ರೆಸ್ಸನ್ನು ಕಟ್ಟಿ ನಿಲ್ಲಿಸಿದ್ದೂ ಅದೇ ದೇಶ. ಅಂಗಡಿಯಲ್ಲಿ ಒಳ್ಳೆಯ ಜೋಡು ಸಿಗುವುದು ಅಲ್ಲಿ ಕಷ್ಟವಾಗಿದ್ದ ಕಾಲ ಅದು.

ಸೋವಿಯತ್ ವಿಜ್ಞಾನದ ವಿಷಯ ಬಂದಾಗ ನಮ್ಮಲ್ಲಿ ಎರಡು ಸಿದ್ಧ ಮಾತುಗಳಿವೆ. ಸ್ಪುಟ್ನಿಕ್, ಗಗಾರಿನ್ ಎಂದು ಕೈಮುಗಿಯುವುದು ಒಂದು. ಲೈಸೆಂಕೊ, ಚೆರ್ನೋಬಿಲ್ ಎಂದು ಮೂಗು ಮುರಿಯುವುದು ಇನ್ನೊಂದು. ಎರಡಕ್ಕೂ ಪುರಾವೆ ಬೇಕಾದಷ್ಟಿದೆ. ಆದರೆ ಒಂದೇ ದೇಶ, ಒಂದೇ ಅಕಾಡೆಮಿ, ಒಂದೇ ಪಕ್ಷ, ಒಂದೇ ಬೊಕ್ಕಸದಿಂದ ಈ ಎರಡೂ ಹೇಗೆ ಹೊರಟವು ಎಂಬುದನ್ನು ಇವೆರಡೂ ಹೇಳುವುದಿಲ್ಲ. ಈ ಭಾಷಣದಲ್ಲಿ ನಾನು ಮುಂದಿಡುವ ವಾದ ಇಷ್ಟು: ಸಂಶೋಧಕ ಕೇಳಿದ ಪ್ರಶ್ನೆಗೆ ಉತ್ತರ ಪ್ರಕೃತಿಯಿಂದ ನೇರವಾಗಿ ಅವನ ಉಪಕರಣಕ್ಕೆ ಬಂದಲ್ಲೆಲ್ಲ ಸೋವಿಯತ್ ವಿಜ್ಞಾನ ಲೋಕದ ಯಾವ ವಿಜ್ಞಾನಕ್ಕೂ ಸರಿಸಮನಾಗಿತ್ತು. ಉತ್ತರ ಅಧಿಕಾರಿಗಳ ಕೈದಾಟಿ, ವರದಿಯ ರೂಪದಲ್ಲಿ ಬರಬೇಕಾದಲ್ಲಿ ಅದು ಎಡವಿತು. ವಿಜ್ಞಾನಿಗಳ ಪ್ರತಿಭೆ, ಸರಕಾರದ ಹಣ, ಸಿದ್ಧಾಂತದ ಬಿಗಿ, ಇವುಗಳಿಗಿಂತ ಹೆಚ್ಚಿನ ವ್ಯತ್ಯಾಸವನ್ನು ಮಾಡಿದ್ದು ಉತ್ತರ ಬಂದ ದಾರಿ.

ಮೊದಲು ಹಡಗಿನ ಕತೆ. ಅದರ ಹೆಸರು 'ವಿತ್ಯಾಜ್', ಎಂದರೆ ವೀರಯೋಧ. ಆದರೆ ಅದು ಹುಟ್ಟಿದ್ದು 1939ರಲ್ಲಿ ಜರ್ಮನಿಯಲ್ಲಿ, 'ಮಾರ್ಸ್' ಎಂಬ ಹೆಸರಿನಲ್ಲಿ, ಬಾಳೆಹಣ್ಣು ಸಾಗಿಸುವುದಕ್ಕೆ. ಯುದ್ಧ ಮುಗಿದ ಮೇಲೆ ನಷ್ಟಪರಿಹಾರದ ಲೆಕ್ಕದಲ್ಲಿ ಸೋವಿಯತ್ ಪಾಲಿಗೆ ಬಂತು, ಅದರ ಹಣ್ಣಿಡುವ ಉಗ್ರಾಣಗಳು ಪ್ರಯೋಗಶಾಲೆಗಳಾದವು. 1949ರಿಂದ 1979ರ ತನಕ ಅದು 65 ಸಂಶೋಧನಾ ಯಾನಗಳನ್ನು ಮಾಡಿತು. ಇದನ್ನು ನಡೆಸಿದ್ದು 1946ರಲ್ಲಿ ಮಾಸ್ಕೋದಲ್ಲಿ ಸ್ಥಾಪನೆಯಾದ ಸಾಗರವಿಜ್ಞಾನ ಸಂಸ್ಥೆ. ಅದರ ಮೊದಲ ನಿರ್ದೇಶಕ ಪ್ಯೋತರ್ ಶಿರ್ಶೋವ್, 1937ರಲ್ಲಿ ಉತ್ತರ ಧ್ರುವದ ಬಳಿ ಮಂಜಿನ ಹಾಸಿನ ಮೇಲೆ ಇಳಿದು 274 ದಿನ ಅದರ ಜೊತೆ ತೇಲಿದ ನಾಲ್ವರಲ್ಲಿ ಒಬ್ಬರು. ಸಂಸ್ಥೆ ಹುಟ್ಟಿದ ವರ್ಷವೇ ಅವರ ಹೆಂಡತಿ, ಚಿತ್ರನಟಿ ಯೆವ್ಗೇನಿಯಾ ಗಾರ್ಕುಶಾ, ಬಂಧನಕ್ಕೊಳಗಾದರು. 1948ರಲ್ಲಿ ಶಿಬಿರದಲ್ಲೇ ತೀರಿಕೊಂಡರು. ಅವರ ಬಂಧನವಾದಾಗ ಶಿರ್ಶೋವ್ ಮಂತ್ರಿ. ಮಂತ್ರಿಗೂ ಹೆಂಡತಿಯನ್ನು ಬಿಡಿಸಿಕೊಳ್ಳಲಾಗದ ದೇಶದಲ್ಲಿ ಈ ವಿಜ್ಞಾನ ನಡೆಯುತ್ತಿತ್ತು ಎಂಬುದನ್ನು ಮರೆತು ಮುಂದಕ್ಕೆ ಹೋಗುವುದು ಸರಿಯಲ್ಲ.

ವಿತ್ಯಾಜ್ ಮರಿಯಾನಾ ಕಮರಿಯ ಆಳ 11,022 ಮೀಟರ್ ಎಂದು ಹೇಳಿತು. ಈಗಿನ ಅಳತೆಗಳು ಅದನ್ನು 10,930 ಮೀಟರಿನ ಆಸುಪಾಸಿಗೆ ಇಳಿಸಿವೆ. ತಪ್ಪಾದದ್ದು ಸುಮಾರು 90 ಮೀಟರ್. ಅದು ಹೇಗಾಯಿತು ಎಂದು ನೋಡುವುದು ನಮ್ಮ ವಾದಕ್ಕೆ ಬೇಕಾದದ್ದೇ. ಹಡಗಿನಿಂದ ಹೊರಟ ಶಬ್ದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಇಳಿದು, ತಳಕ್ಕೆ ಬಡಿದು, ಮತ್ತೆ ಮೇಲೆ ಬರಲು ಹದಿನಾಲ್ಕು ಸೆಕೆಂಡಿಗೂ ಹೆಚ್ಚು ಬೇಕು. ಅದರಲ್ಲಿ ಒಂದು ಸೆಕೆಂಡಿನ ಎಂಟನೇ ಒಂದು ಪಾಲು ಹೆಚ್ಚುಕಡಿಮೆಯಾದರೆ ಈ 90 ಮೀಟರ್ ವ್ಯತ್ಯಾಸ ಬಂದುಬಿಡುತ್ತದೆ. ಶಬ್ದದ ವೇಗವಾದರೂ ನೀರಿನ ಬಿಸಿ, ಉಪ್ಪು, ಒತ್ತಡ ಮೂರನ್ನೂ ಅನುಸರಿಸಿ ಬದಲಾಗುತ್ತ ಹೋಗುತ್ತದೆ. 11,022 ಎಂಬ ಅಂಕಿ ಪಠ್ಯಪುಸ್ತಕಗಳಲ್ಲಿ ದಶಕಗಳ ಕಾಲ ಬೇರೂರಿ ಕುಳಿತಿತ್ತು, ನಿಜ. ಆದರೂ ಅದನ್ನು ತಿದ್ದಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕಡಲು ಅಲ್ಲೇ ಇತ್ತು. ಜಪಾನಿನವರು, ಅಮೆರಿಕದವರು ಹೋಗಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಬಹುದಿತ್ತು, ಕೇಳಿದರು. ನೇರ ಉತ್ತರವೂ ತಪ್ಪಿರಬಹುದು, ಆದರೆ ಆ ತಪ್ಪು ತಾನಾಗಿ ಬಯಲಿಗೆ ಬರುವ ಜಾತಿಯದು. ಇದಕ್ಕೆ ಬೀಗ ಹಾಕಿದ ಉದಾಹರಣೆಯೂ ಇದೆ. ಆರ್ಕ್‌ಟಿಕ್ ಸಮುದ್ರದ ತಳದಲ್ಲಿ ಖಂಡದಿಂದ ಖಂಡಕ್ಕೆ ಚಾಚಿದ ಲೊಮನೋಸೊವ್ ಬೆಟ್ಟಸಾಲನ್ನು ಸೋವಿಯತ್ ತಂಡಗಳು 1948ರಲ್ಲಿ ಕಂಡವು. ಲೋಕಕ್ಕೆ ತಿಳಿಸಿದ್ದು 1954ರಲ್ಲಿ. ಆ ಆರು ವರ್ಷ ಅದು ಭೂಗೋಳದ ಸತ್ಯವಾಗಿರದೆ ಕಡತದ ಗುಟ್ಟಾಗಿತ್ತು.

ಇನ್ನೊಂದು ಕೆಲಸವಂತೂ ನಮ್ಮ ಪಡುವಣ ಕಡಲಿಗೇ ಸಂಬಂಧಿಸಿದ್ದು. 1950ರ ದಶಕದವರೆಗೆ ಸಾಗರಗಳ ನಕ್ಷೆಯಲ್ಲಿ ಪ್ರವಾಹಗಳನ್ನು ನದಿಗಳಂತೆ, ಸ್ಥಿರವಾದ ಬಾಣಗಳಲ್ಲಿ ತೋರಿಸುತ್ತಿದ್ದರು. ಒಂದೇ ಹಡಗು ಸಾಗುತ್ತ ಅಲ್ಲಲ್ಲಿ ಅಳೆದು ಬರೆದದ್ದೇ ಅದಕ್ಕೆ ಆಧಾರ. ಊರಿಗೆ ಒಂದು ದಿನ ಬಂದು ಹೋದವನು ಮಳೆ ಕಂಡು, ಆ ಊರಲ್ಲಿ ದಿನವೂ ಮಳೆ ಎಂದು ಬರೆದಿಟ್ಟ ಹಾಗೆ. ಹಾಗಾಗಬಾರದೆಂದರೆ ಕಡಲಿನ ಒಂದು ಚೌಕದಲ್ಲಿ ತೇಲುಬುರುಡೆಗಳನ್ನು ಕಟ್ಟಿ ತಿಂಗಳುಗಟ್ಟಲೆ ಕಾಯಬೇಕು ಎಂದವರು ಸೋವಿಯತ್ ಸಾಗರವಿಜ್ಞಾನಿ ವ್ಲಾದಿಮಿರ್ ಶ್ತೋಕ್ಮನ್. ಅವರ ಯೋಜನೆಯಂತೆ 1967ರಲ್ಲಿ ಅರಬ್ಬಿ ಸಮುದ್ರದಲ್ಲಿ ಇಂಥ ವೀಕ್ಷಣೆ ನಡೆಯಿತು. ಮಾರನೆಯ ವರ್ಷ ಶ್ತೋಕ್ಮನ್ ತೀರಿಕೊಂಡರು. 1970ರಲ್ಲಿ ಲಿಯೊನಿದ್ ಬ್ರೆಖೋವ್ಸ್ಕಿಖ್ ನೇತೃತ್ವದಲ್ಲಿ ಆರು ಹಡಗುಗಳು ಅಟ್ಲಾಂಟಿಕ್ಕಿನ ಉಷ್ಣವಲಯಕ್ಕೆ ಹೋಗಿ 17 ಕಡೆ ಉಪಕರಣಗಳ ಸರಪಳಿ ಇಳಿಬಿಟ್ಟು ಆರು ತಿಂಗಳು ನಿಂತವು. ಶಾಂತವೆಂದುಕೊಂಡಿದ್ದ ನಡುಗಡಲಿನಲ್ಲಿ ನೂರಾರು ಕಿಲೋಮೀಟರ್ ಅಗಲದ ಸುಳಿಗಳು ನಿಧಾನವಾಗಿ ಪಡುವಣಕ್ಕೆ ಸರಿಯುತ್ತಿದ್ದುದು ಕಂಡಿತು. ಆಕಾಶದಲ್ಲಿ ಹವೆ ಇರುವಂತೆ ನೀರಿನೊಳಗೂ ಒಂದು ಹವೆ ಇದೆ ಎಂದು ಸಾಗರವಿಜ್ಞಾನ ಒಪ್ಪಿದ್ದು ಇದಾದ ಮೇಲೆ. ಅಮೆರಿಕನ್ನರು 1973ರಲ್ಲಿ ತಮ್ಮದೇ ಪ್ರಯೋಗ ಮಾಡಿ ಅದನ್ನೇ ಕಂಡರು. 1977–78ರಲ್ಲಿ, ಶೀತಲ ಸಮರದ ನಡುವೆಯೇ, ಎರಡೂ ದೇಶಗಳು ಒಟ್ಟಾಗಿ ಅಟ್ಲಾಂಟಿಕ್ಕಿಗೆ ಹೋದವು.

ಆರು ಹಡಗುಗಳನ್ನು ಆರು ತಿಂಗಳು ಸುಮ್ಮನೆ ನಿಲ್ಲಿಸಲು ಯಾವ ವ್ಯಾಪಾರಿಯೂ ಹಣ ಕೊಡುತ್ತಿರಲಿಲ್ಲ. ಸರಕಾರ ಕೊಟ್ಟಿತು. ಅದರ ಕಣ್ಣು ಜಲಾಂತರ್ಗಾಮಿಗಳ ಮೇಲೂ ಇತ್ತು ಎಂಬುದನ್ನು ಮುಚ್ಚಿಡಬೇಕಿಲ್ಲ; ಬ್ರೆಖೋವ್ಸ್ಕಿಖ್ ಹೆಸರಾದದ್ದೇ ನೀರಿನಲ್ಲಿ ಶಬ್ದ ಬಹುದೂರ ಸಾಗುವ ಪದರವನ್ನು 1946ರಲ್ಲಿ ಗುರುತಿಸಿ. ಆದರೆ ನೌಕಾಪಡೆಯ ಹಣ ಬಂದಿತೆಂದು ಸುಳಿಗಳು ಸುಳ್ಳಾಗುವುದಿಲ್ಲ. ನೌಕಾಪಡೆಗೆ ಬೇಕಾದ ಉತ್ತರವನ್ನು ತೇಲುಬುರುಡೆ ಹೇಳುವುದಿಲ್ಲ, ನೀರು ಹೇಳಿದ್ದನ್ನು ಹೇಳುತ್ತದೆ.

ಈಗ ಪ್ರೆಸ್. ಕಮ್ಮಾರನ ಸುತ್ತಿಗೆ ಏಟು ಕೊಡುತ್ತದೆ. ಏಟು ಹೊರಮೈಯಲ್ಲೇ ಹೆಚ್ಚು ಕೆಲಸ ಮಾಡುತ್ತದೆ. ಪ್ರೆಸ್ ನಿಧಾನವಾಗಿ ಒತ್ತುತ್ತದೆ. ಒತ್ತಡ ಲೋಹದ ತಿರುಳಿನವರೆಗೂ ಇಳಿಯುತ್ತದೆ, ಒಳಗಿನ ನಾರು ಅಚ್ಚಿನ ಆಕಾರಕ್ಕೆ ತಕ್ಕಂತೆ ಬಾಗುತ್ತದೆ. ವಿಮಾನದ ರೆಕ್ಕೆಯ ಬೆನ್ನೆಲುಬನ್ನು ನೂರಾರು ಚೂರು ಸೇರಿಸಿ ರಿವೆಟ್ ಹೊಡೆದು ಮಾಡುವ ಬದಲು ಒಂದೇ ತುಂಡಾಗಿ ಒತ್ತಿ ತೆಗೆದರೆ ತೂಕ ಕಡಿಮೆ, ಬಲ ಹೆಚ್ಚು. ಆದರೆ ತುಂಡು ದೊಡ್ಡದಾದಷ್ಟೂ ಅದನ್ನು ಹರಿಸಲು ಬೇಕಾದ ಒತ್ತಡ ವಿಪರೀತ ಏರುತ್ತದೆ, ಟೈಟಾನಿಯಮ್ ಆದರಂತೂ ಕೇಳುವುದೇ ಬೇಡ. ಅದನ್ನು ಕಾಯಿಸಿ ಒತ್ತಲು ಸಿಗುವ ಸಮಯವೂ ಕಡಿಮೆ. ಹಾಗಾಗಿ 75,000 ಟನ್ನಿನ ಎರಡು ಪ್ರೆಸ್ಸುಗಳು ಹುಟ್ಟಿದವು. ಒಂದು ಸಾಲ್ದಾದ್ದು, ಇನ್ನೊಂದು ವೋಲ್ಗಾ ದಂಡೆಯ ಕುಯ್ಬಿಶೆವ್, ಅಂದರೆ ಈಗಿನ ಸಮಾರಾದ್ದು. ಎರಡನ್ನೂ ತಯಾರಿಸಿದ್ದು ಉಕ್ರೇನಿನ ಕ್ರಮಾತೋರ್ಸ್ಕ್ ಊರಿನ ಭಾರೀ ಯಂತ್ರಗಳ ಕಾರ್ಖಾನೆ. ವಿನ್ಯಾಸದಲ್ಲಿ ಕೈಜೋಡಿಸಿದ್ದು ಅಲೆಕ್ಸಾಂದರ್ ತ್ಸೆಲಿಕೋವ್ ಕಟ್ಟಿದ ಮಾಸ್ಕೋದ ಲೋಹಯಂತ್ರ ಸಂಶೋಧನಾ ಸಂಸ್ಥೆ. ಪ್ರೆಸ್ಸಿನ ಒಂದು ಭಾಗ ನೆಲದಡಿಯಲ್ಲೇ ಹುದುಗಿದೆ. ಕಣ್ಣಿಗೆ ಕಾಣುವುದೇ ಹಲವು ಅಂತಸ್ತಿನ ಮನೆಯಷ್ಟು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಹಡಗು ಜರ್ಮನಿಯದು, ಪ್ರೆಸ್ಸಿನ ಕಲ್ಪನೆಯೂ ಜರ್ಮನಿಯದೇ. ಯುದ್ಧಕಾಲದಲ್ಲಿ ಜರ್ಮನಿಯಲ್ಲಿದ್ದ ಅತಿದೊಡ್ಡ ಪ್ರೆಸ್ಸು ಸುಮಾರು 30,000 ಟನ್ನಿನದು, ಅದನ್ನು ಬಿಚ್ಚಿಕೊಂಡು ಹೋದದ್ದು ಸೋವಿಯತ್ ಸೈನ್ಯ. ಹಾಗಾದರೆ ಇದು ಕದ್ದ ಎಂಜಿನಿಯರಿಂಗ್ ಅಲ್ಲವೇ? ಅಮೆರಿಕವೂ ಜರ್ಮನಿಯ ಸಣ್ಣ ಪ್ರೆಸ್ಸುಗಳನ್ನು ಹೊತ್ತೊಯ್ದಿತು, ಜರ್ಮನ್ ವಿಮಾನಗಳ ಅವಶೇಷಗಳಲ್ಲಿ ಒಂದೇ ತುಂಡಿನ ಭಾಗಗಳನ್ನು ಕಂಡು ಬೆರಗಾಯಿತು, 1955ರ ಹೊತ್ತಿಗೆ 50,000 ಟನ್ನಿನ ಎರಡು ಪ್ರೆಸ್ಸುಗಳನ್ನು ನಡೆಸತೊಡಗಿತು. ಕೊಳ್ಳೆಯಲ್ಲಿ ಸಿಕ್ಕಿದ್ದು ಇಬ್ಬರಿಗೂ ಹೆಚ್ಚಾಗಿ ಪ್ರಶ್ನೆಯೇ. ಜರ್ಮನಿಯಲ್ಲಿ ಇಲ್ಲದ 75,000 ಟನ್ನನ್ನು ಅಲ್ಲಿಂದ ಹೊತ್ತು ತರಲು ಬರುವುದಿಲ್ಲ. ಬಲ ಹೆಚ್ಚಿದಂತೆ ಪ್ರೆಸ್ಸಿನ ಚೌಕಟ್ಟೇ ಹಿಗ್ಗುತ್ತದೆ, ಕಂಬಗಳು ಬಾಗುತ್ತವೆ, ಒಂದು ಸಿಲಿಂಡರು ಇನ್ನೊಂದಕ್ಕಿಂತ ಕೂದಲೆಳೆ ಮುಂದಾದರೆ ಅಚ್ಚು ಓರೆಯಾಗಿ ಸೀಳುತ್ತದೆ. ಸಣ್ಣದರ ನಕ್ಷೆಯನ್ನು ಎಳೆದು ದೊಡ್ಡದು ಮಾಡಿದರೆ ಸಾಲದು. ಲೆಕ್ಕವನ್ನು ಮೊದಲಿಂದ ಹಾಕಬೇಕು. ಹಾಕಿದ ಲೆಕ್ಕ ತಪ್ಪಾಗಿದ್ದರೆ ಮೊದಲ ದಿನವೇ ಕಬ್ಬಿಣ ಹೇಳುತ್ತದೆ, ಪಕ್ಷದ ಕಾರ್ಯದರ್ಶಿ ಪಕ್ಕದಲ್ಲೇ ನಿಂತಿದ್ದರೂ ಹೇಳುತ್ತದೆ. 1970ರ ದಶಕದಲ್ಲಿ ಫ್ರಾನ್ಸಿನ ಇಸ್ವಾರ್ ಕಾರ್ಖಾನೆಗೆ 65,000 ಟನ್ನಿನ ಪ್ರೆಸ್ ಬೇಕಾದಾಗ ಅದು ಕ್ರಮಾತೋರ್ಸ್ಕ್‌ನಿಂದಲೇ ಹೋಯಿತು. ಕದ್ದ ಮಾಲನ್ನು ಕೊಳ್ಳಲು ಫ್ರೆಂಚರು ಅಷ್ಟು ದೂರ ಹೋಗುತ್ತಿರಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೆಳೆವಿಜ್ಞಾನಿ ಲೈಸೆಂಕೊನ ಪ್ರಕರಣ. ಗೋಧಿಯೂ ಪ್ರಕೃತಿಯೇ, ಹೊಲ ಸುಳ್ಳು ಹೇಳುತ್ತದೆಯೇ? ಪ್ರಕೃತಿಯ ಉತ್ತರ ಅಷ್ಟು ನಿಷ್ಠುರವಾಗಿದ್ದರೆ, ವಂಶವಾಹಿಗಳನ್ನೇ ಅಲ್ಲಗಳೆದ ಮನುಷ್ಯ 1948ರಲ್ಲಿ ಇಡೀ ಜೀವವಿಜ್ಞಾನದ ಸರದಾರನಾದದ್ದು ಹೇಗೆ? ಬೀಜಗಳ ಮಹಾಸಂಗ್ರಹ ಕಟ್ಟಿದ ನಿಕೊಲಾಯ್ ವಾವಿಲೋವ್ 1943ರಲ್ಲಿ ಸರಾತೋವ್ ಜೈಲಿನಲ್ಲಿ ಸತ್ತದ್ದು ಹೇಗೆ? ಉತ್ತರ ಬಂದ ದಾರಿಯನ್ನು ಇಲ್ಲಿ ಹಿಡಿದು ನೋಡಬೇಕು. ಬಿತ್ತುವ ಮುನ್ನ ಬೀಜಕ್ಕೆ ಶೀತ ಕೊಡುವ ತನ್ನ ವಿಧಾನಕ್ಕೆ ಲೈಸೆಂಕೊ ಪುರಾವೆ ಕೂಡಿಸಿದ್ದು ಸಾಮೂಹಿಕ ಬೇಸಾಯದ ಹಳ್ಳಿಗಳಿಗೆ ಪ್ರಶ್ನಾವಳಿ ಕಳಿಸಿ. ಅದನ್ನು ತುಂಬಿದವನು ಹಳ್ಳಿಯ ಅಧ್ಯಕ್ಷ. ಇಳುವರಿ ಇಳಿಯಿತು ಎಂದು ಬರೆದರೆ ತನಗೇನಾದೀತು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೋಧಿ ಹೇಳಿದ್ದು ಒಂದು, ಅರ್ಜಿಯ ಹಾಳೆ ಹೇಳಿದ್ದು ಇನ್ನೊಂದು; ಮಾಸ್ಕೋ ಓದಿದ್ದು ಹಾಳೆಯನ್ನು. ಮೇಲಾಗಿ ಹೊಲದ ಉತ್ತರಕ್ಕೆ ಒಂದು ವರ್ಷ ಕಾಯಬೇಕು, ಬಂದ ಮೇಲೂ ಮಳೆಯನ್ನೋ ಹಿಮವನ್ನೋ ದೂರಬಹುದು. ಸೀಳಿದ ಅಚ್ಚಿಗೆ ಅಂಥ ನೆಪ ಇಲ್ಲ. ಹೀಗಾಗಿ ಈ ಆಕ್ಷೇಪ ನನ್ನ ವಾದವನ್ನು ಕೆಡಿಸುವ ಬದಲು ಇನ್ನಷ್ಟು ಚೊಕ್ಕ ಮಾಡುತ್ತದೆ: ಪ್ರಶ್ನೆ ಪ್ರಕೃತಿಯದಾಗಿದ್ದರೆ ಸಾಲದು, ಉತ್ತರದ ದಾರಿಯಲ್ಲಿ ಹೆದರಿದ ಮನುಷ್ಯ ನಿಂತಿರಬಾರದು.

ಇಷ್ಟು ಹೇಳಿದ ಮೇಲೂ ಒಂದು ಪ್ರಕರಣ ನನ್ನ ವಾದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. 1950ರ ದಶಕದಲ್ಲಿ ಅಣುಸ್ಥಾವರಗಳ ವಿಕಿರಣಶೀಲ ಕಸವನ್ನು ಆಳವಾದ ಕಡಲ ಕಮರಿಗಳಿಗೆ ಎಸೆದರಾಯಿತು, ಅಲ್ಲಿಯ ನೀರು ಮೇಲಕ್ಕೆ ಬರುವುದೇ ಇಲ್ಲ ಎಂಬ ಮಾತು ಪಶ್ಚಿಮದಲ್ಲೂ ಇತ್ತು. ಸೋವಿಯತ್ ವಿಜ್ಞಾನಿಗಳಾದ ವೆನಿಯಾಮಿನ್ ಬೊಗೊರೋವ್ ಮತ್ತು ಯೆವ್ಗೇನಿ ಕ್ರೆಪ್ಸ್ ವಿತ್ಯಾಜ್‌ನ ವೀಕ್ಷಣೆಗಳನ್ನು ಮುಂದಿಟ್ಟು 1958ರಲ್ಲಿ ಅದನ್ನು ಅಲ್ಲಗಳೆದರು. ಕಮರಿಯ ತಳದಲ್ಲೂ ಜೀವಿಗಳಿವೆ, ಆಮ್ಲಜನಕವಿದೆ, ಎಂದ ಮೇಲೆ ನೀರು ಕದಡುತ್ತಲೇ ಇದೆ. ಅಲ್ಲಿ ಹೂತದ್ದು ಅಲ್ಲೇ ಉಳಿಯುವುದಿಲ್ಲ. ಕಡಲಿನಿಂದ ನೇರವಾಗಿ ಬಂದ, ಚೊಕ್ಕವಾದ ಉತ್ತರ. ಆದರೆ ಅದೇ ದೇಶ ಮುಂದಿನ ದಶಕಗಳಲ್ಲಿ ನೋವಾಯ ಜೆಮ್ಲ್ಯಾ ದ್ವೀಪಗಳ ಬಳಿ, ಆಳವೇ ಇಲ್ಲದ ಕಾರಾ ಸಮುದ್ರದಲ್ಲಿ, 16 ಅಣು ರಿಯಾಕ್ಟರುಗಳನ್ನು ಮುಳುಗಿಸಿತು. ಅವುಗಳಲ್ಲಿ ಕೆಲವು ಇಂಧನದ ಸಮೇತ. ಅಲೆಕ್ಸೇಯ್ ಯಾಬ್ಲೊಕೋವ್ ನೇತೃತ್ವದ ಸಮಿತಿಯ ವರದಿಯಿಂದ ಇದು ಬಯಲಾದದ್ದು 1993ರಲ್ಲಿ, ದೇಶವೇ ಕಳಚಿ ಬಿದ್ದ ಮೇಲೆ. ಇಲ್ಲಿ ಉತ್ತರ ಕೆಟ್ಟಿರಲಿಲ್ಲ. ಅದನ್ನು ಕೇಳಿಸಿಕೊಳ್ಳಬೇಕಾದ ಕಡೆಗೆ ಅದಕ್ಕೆ ಬಾಗಿಲೇ ಇರಲಿಲ್ಲ. ಹಾಗಾಗಿ ಒಪ್ಪಿಕೊಳ್ಳುತ್ತೇನೆ: ನೇರ ಉತ್ತರ ಒಳ್ಳೆಯ ವಿಜ್ಞಾನವನ್ನು ಕೊಡುತ್ತದೆ, ಒಳ್ಳೆಯ ಆಡಳಿತವನ್ನು ಕೊಡುವುದಿಲ್ಲ. ನನ್ನ ವಾದದ ಗಡಿ ಅಲ್ಲಿಗೆ ಮುಗಿಯುತ್ತದೆ.

ಗಡಿಯೊಳಗೆ ಮರಳಿದರೆ, ಮನುಷ್ಯರೇ ಉತ್ತರ ಹೇಳಬೇಕಾದ ಕ್ಷೇತ್ರಗಳು ಕಾಣುತ್ತವೆ. ಉಕ್ಕಿನ ನಿರಂತರ ಎರಕವನ್ನು ನೋಡಿ. ಕರಗಿದ ಉಕ್ಕನ್ನು ದೊಡ್ಡ ಗಟ್ಟಿಗಳಾಗಿ ಹೊಯ್ದು, ತಣಿಸಿ, ಮತ್ತೆ ಕಾಯಿಸಿ ಉರುಳಿಸುವ ಬದಲು ನೇರವಾಗಿ ಪಟ್ಟಿಯಾಗಿ ಇಳಿಸುವ ವಿಧಾನ ಅದು. ಗಟ್ಟಿಯ ತಲೆ ಬಾಲ ಕತ್ತರಿಸಿ ಎಸೆಯುವುದು ತಪ್ಪುತ್ತದೆ, ಇಂಧನ ಉಳಿಯುತ್ತದೆ. ಇದರಲ್ಲಿ ಸೋವಿಯತ್ ಎಂಜಿನಿಯರುಗಳು 1950ರ ದಶಕದಿಂದಲೇ ಮುಂಚೂಣಿಯಲ್ಲಿದ್ದರು. 1960ರ ದಶಕದಲ್ಲಿ ಲಿಪೆಟ್ಸ್ಕ್ ಕಾರ್ಖಾನೆ ಈ ವಿಧಾನವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಿತು. ಹೊರದೇಶಗಳಿಗೆ ಪರವಾನಗಿಯೂ ಮಾರಾಟವಾಯಿತು. 1980ರ ದಶಕದ ಕೊನೆಗೆ ಜಪಾನಿನ ಉಕ್ಕಿನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಹೀಗೆ ಎರಕವಾಗುತ್ತಿತ್ತು. ಸೋವಿಯತ್ ದೇಶದಲ್ಲಿ ಐದನೇ ಒಂದು ಪಾಲೂ ಇಲ್ಲ. ಕಾರಣ ಬುದ್ಧಿಯ ಕೊರತೆಯಲ್ಲ. ಕಾರ್ಖಾನೆಯ ಯೋಜನೆ ಟನ್ನಿನ ಲೆಕ್ಕದಲ್ಲಿರುತ್ತಿತ್ತು. ಕರಗಿಸಿದ ಟನ್ನು ಹೆಚ್ಚಿದರೆ ಬಹುಮಾನ; ಅದರಲ್ಲಿ ಎಷ್ಟು ಕೊಳ್ಳುವವನಿಗೆ ಉಪಯೋಗವಾಯಿತು ಎಂದು ಕೇಳುವವರಿಲ್ಲ. ಉಕ್ಕು ಉಳಿಸುವ ಯಂತ್ರವನ್ನು ಕೂಡಿಸಲು ಕೆಲಸ ನಿಲ್ಲಿಸಿದರೆ ಆ ತಿಂಗಳ ಲೆಕ್ಕ ತಪ್ಪುತ್ತದೆ. 'ಕ್ರೊಕೊಡಿಲ್' ಎಂಬ ಅಲ್ಲಿಯ ನಗೆಪತ್ರಿಕೆ, ಒಂದು ಕಾರ್ಖಾನೆ ತನ್ನ ತಿಂಗಳ ಮೊಳೆಯ ಗುರಿಯನ್ನು ಒಂದೇ ಒಂದು ದೈತ್ಯ ಮೊಳೆ ಮಾಡಿ ಪೂರೈಸಿದ ಚಿತ್ರ ಹಾಕಿತ್ತು. ಸೋವಿಯತ್ ಓದುಗರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಗಾದರೆ ಆ ದೈತ್ಯ ಪ್ರೆಸ್ಸೂ ಅಂಥದೇ ಒಂದು ದೈತ್ಯ ಮೊಳೆಯಲ್ಲವೇ, ಟನ್ನಿನ ಹುಚ್ಚಿನ ಕೂಸಲ್ಲವೇ ಎಂದು ಯಾರಾದರೂ ಕೇಳಬಹುದು. ಅಲ್ಲ ಎನ್ನಲು ನನಗೆ ಆಧಾರ ಸಿಗುವುದು 1991ರ ನಂತರ ನಡೆದದ್ದರಲ್ಲಿ. ಯೋಜನೆ ಹೋಯಿತು, ಗುರಿ ಹೋಯಿತು, ಮಿಲಿಟರಿ ಕೊಳ್ಳುವುದು ನಿಂತಿತು. ದೈತ್ಯ ಮೊಳೆಯಾಗಿದ್ದರೆ ಗುಜರಿಗೆ ಹೋಗಬೇಕಿತ್ತು. ಸಾಲ್ದಾದ ಕಾರ್ಖಾನೆ ಅದೇ ಪ್ರೆಸ್ಸಿನಲ್ಲಿ ಬೋಯಿಂಗ್‌ಗೆ, ಏರ್‌ಬಸ್‌ಗೆ ಟೈಟಾನಿಯಮ್ ಭಾಗಗಳನ್ನು ಒತ್ತತೊಡಗಿತು. 2009ರಲ್ಲಿ ಬೋಯಿಂಗ್ ಅಲ್ಲಿಯೇ ಪಾಲುದಾರಿಕೆಯ ಕಾರ್ಖಾನೆಯೊಂದನ್ನು ತೆರೆಯಿತು. ಸಮಾರಾದ ಪ್ರೆಸ್ಸಿರುವ ಕಾರ್ಖಾನೆಯನ್ನು 2005ರಲ್ಲಿ ಕೊಂಡದ್ದು ಅಮೆರಿಕದ ಅಲ್ಕೋವಾ, ಅಮೆರಿಕದ 50,000 ಟನ್ನಿನ ಪ್ರೆಸ್ಸುಗಳಲ್ಲೊಂದನ್ನು ನಡೆಸುತ್ತಿದ್ದ ಕಂಪನಿಯೇ! ಯಂತ್ರ ಅದೇ, ಲೋಹ ಅದೇ, ಎಂಜಿನಿಯರುಗಳು ಆ ಎಂಜಿನಿಯರುಗಳ ಶಿಷ್ಯರು. ಬದಲಾದದ್ದು, ಒತ್ತಿದ ತುಂಡನ್ನು ಪರೀಕ್ಷಿಸಿ ಬೇಡ ಎಂದು ಹಿಂದಕ್ಕೆ ಕಳಿಸಬಲ್ಲವರು ಎದುರಿಗೆ ಬಂದದ್ದು.

2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ ಬೋಯಿಂಗ್ ಆ ಖರೀದಿಯನ್ನು ನಿಲ್ಲಿಸಿತು. ಅಮೆರಿಕನ್ನರು ಅದೇ ವರ್ಷ ಸಮಾರಾದ ಕಾರ್ಖಾನೆಯನ್ನು ಮಾರಿ ಹೊರಟರು. ವಿತ್ಯಾಜ್ ಈಗ ಕಲಿನಿನ್‌ಗ್ರಾದ್‌ನ ದಕ್ಕೆಯಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಎರಡೂ ಪ್ರೆಸ್ಸುಗಳು ರಷ್ಯಾದಲ್ಲಿವೆ. ಅವನ್ನು ಎರಕ ಹೊಯ್ದು ಕಡೆದ ಕ್ರಮಾತೋರ್ಸ್ಕ್ ಊರು ರಷ್ಯಾದ ಕ್ಷಿಪಣಿಗಳ ದಾರಿಯಲ್ಲಿದೆ.